ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೂ ಯಾಕೆ ಸಾಯ್ತಾರೆ?



ಇವತ್ತು ರಾಜಕೀಯ ಬೇಡ. ಒಂದು ಫೋನ್ ಕಾಲ್ ವಿಚಾರ ಹೇಳ್ತೀನಿ.

ಹೋದ ವಾರ ಬುಲೆಟಿನ್ ಮುಗಿಸಿ ಮೇಕಪ್ ತೆಗೀತಾ ಕೂತಿದ್ದೆ. ಹಾಸನದಿಂದ ಫೋನ್ ಬಂತು. ನನ್ನ ಇಂಜಿನಿಯರಿಂಗ್ ಗೆಳೆಯನ ತಾಯಿ. ನಾಲ್ಕು ವರ್ಷ ನಾನೂ ಅವರ ಮಗನೂ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದವರು. ಆ ತಾಯಿ ಕಳಿಸ್ತಿದ್ದ ಕೋಡುಬಳೆ ತಿಂದೇ ನಾನು ಪರೀಕ್ಷೆ ಬರೆದಿದ್ದು. ಹಾಗಾಗಿ ಅವರಿಗೆ ನನ್ನ ಮೇಲೆ ಅಧಿಕಾರ ಜಾಸ್ತಿ.

"ಏನಪ್ಪಾ, ದಿನಾ ಟೀವಿಯಲ್ಲಿ ಊರಿಗೆಲ್ಲಾ ಬುದ್ಧಿ ಹೇಳ್ತೀಯ. ನಿನ್ನ ಫ್ರೆಂಡಿಗೂ ಸ್ವಲ್ಪ ಹೇಳಬಾರ್ದಾ?" ಅಂದ್ರು.

ವಿಷಯ ಏನು ಅಂದ್ರೆ, ಮಗ ಅಮೆರಿಕದ ಟೆಕ್ಸಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮೂರು ವರ್ಷದ ಹಿಂದೆ ಹುಟ್ಟುಹಬ್ಬಕ್ಕೆ ಅಂತ ವಿಮಾನದಿಂದ ಒಂದು ಸಲ ಜಿಗಿದ. ಅಮ್ಮನಿಗೆ ಫೋಟೋ ಕಳಿಸಿದ. 'ಒಂದೇ ಸಲ ಅಮ್ಮಾ' ಅಂದಿದ್ದ. ಈಗ ನೋಡಿದ್ರೆ ಲೆಕ್ಕ 240 ದಾಟಿದೆ! ಕೋರ್ಸ್ ಮಾಡಿದ್ದಾನೆ, ಲೈಸೆನ್ಸ್ ತಗೊಂಡಿದ್ದಾನೆ, ಸ್ವಂತ ಪ್ಯಾರಾಚೂಟ್ ಇಟ್ಕೊಂಡಿದ್ದಾನೆ. ಶನಿವಾರ ಬಂದ್ರೆ ಮನೆಯಲ್ಲಿ ಇರೋದೇ ಇಲ್ಲ. ತಾಯಿ ಕೇಳಿದ್ರೆ ಅವನದ್ದು ಒಂದೇ ಉತ್ತರ: "ಅಮ್ಮಾ, ಆ ಜಾಗಕ್ಕೆ ಕಾರಲ್ಲಿ ಹೋಗೋದಿದೆಯಲ್ಲ, ಅದೇ ಜಿಗಿಯೋದಕ್ಕಿಂತ ಡೇಂಜರ್."

ಆ ತಾಯಿ ನನ್ನನ್ನ ಕೇಳಿದ್ದು ಇಷ್ಟೇ. "ಅವನು ಹೇಳೋದು ನಿಜವೇನಪ್ಪಾ?"

ವೀಕ್ಷಕರೇ, ಸ್ಟುಡಿಯೋದಲ್ಲಿ ಕೂತು ಮಂತ್ರಿಗಳನ್ನ ಪ್ರಶ್ನೆ ಮಾಡೋದು ಸುಲಭ. ಆ ತಾಯಿಗೆ ಉತ್ತರ ಕೊಡೋದು ಕಷ್ಟ ಆಯ್ತು. ನಿಜ ಅಂದ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ. ಆದರೆ ನನಗೇ ಗೊತ್ತಿಲ್ಲದೆ ಹೇಗೆ ಹೇಳಲಿ? "ಎರಡು ದಿನ ಟೈಮ್ ಕೊಡಿ ಅಮ್ಮಾ, ಲೆಕ್ಕ ಹಾಕಿ ಹೇಳ್ತೀನಿ" ಅಂದೆ. ಇಂಜಿನಿಯರಿಂಗ್ ಓದಿದ್ದು ಅಲ್ಲಿಗಾದ್ರೂ ಉಪಯೋಗಕ್ಕೆ ಬರಲಿ ಅಂತ.

ಈ 'ಕಾರಿಗಿಂತ ಸೇಫ್' ಅನ್ನೋ ಮಾತು ನನ್ನ ಗೆಳೆಯ ಕಂಡುಹಿಡಿದಿದ್ದಲ್ಲ. ಸ್ಕೈಡೈವಿಂಗ್ ಹವ್ಯಾಸಿಗಳು ಎಲ್ಲಿ ಸೇರಿದ್ರೂ ಈ ಮಾತು ಬರುತ್ತೆ, ಇದರ ಮೇಲೆ ಜಗಳವೂ ಆಗುತ್ತೆ. ಅರ್ಧ ಜನ ಹೌದು ಅಂತಾರೆ. ಇನ್ನರ್ಧ ಜನ, 'ಮನೆಯವರಿಗೆ ಸುಳ್ಳು ಹೇಳ್ಬೇಡ್ರಪ್ಪಾ' ಅಂತಾರೆ. ನೋಡೋಣ ಬನ್ನಿ, ಯಾರು ಸರಿ.

ಅಮೆರಿಕದಲ್ಲಿ ಪ್ಯಾರಾಚೂಟ್ ಹವ್ಯಾಸಿಗಳದ್ದೇ ಒಂದು ಸಂಘ ಇದೆ, ಯುನೈಟೆಡ್ ಸ್ಟೇಟ್ಸ್ ಪ್ಯಾರಾಚೂಟ್ ಅಸೋಸಿಯೇಷನ್. ಪ್ರತಿ ವರ್ಷ ಎಷ್ಟು ಜಿಗಿತ ಆಯ್ತು, ಎಷ್ಟು ಜನ ಸತ್ತರು ಅಂತ ಲೆಕ್ಕ ಕೊಡುತ್ತೆ. 2023ರಲ್ಲಿ ಸುಮಾರು 36.5 ಲಕ್ಷ ಜಿಗಿತ. ಸತ್ತವರು 10 ಜನ. ಅಂದ್ರೆ 3.65 ಲಕ್ಷ ಜಿಗಿತಕ್ಕೆ ಒಂದು ಸಾವು. ಕೇಳೋಕೆ ತುಂಬಾ ಕಡಿಮೆ, ಅಲ್ವಾ?

ಈಗ ರಸ್ತೆ. ಅದೇ 2023ರಲ್ಲಿ ಅಮೆರಿಕದ ರಸ್ತೆಗಳಲ್ಲಿ ವಾಹನಗಳು ಓಡಿದ ಪ್ರತಿ 10 ಕೋಟಿ ಮೈಲಿಗೆ 1.26 ಸಾವು. ಕಿಲೋಮೀಟರಿಗೆ ಬದಲಾಯಿಸಿದ್ರೆ ಹತ್ತಿರ ಹತ್ತಿರ 12.8 ಕೋಟಿ ಕಿಲೋಮೀಟರಿಗೆ ಒಂದು ಸಾವು. ಇದನ್ನ ಅದರಿಂದ ಭಾಗಿಸಿ. ಬರೋ ಉತ್ತರ 350.

ಏನಿದರ ಅರ್ಥ? ಒಂದು ಸಲ ಜಿಗಿಯೋದು ಅಂದ್ರೆ, ಅಮೆರಿಕದ ರಸ್ತೆಯಲ್ಲಿ 350 ಕಿಲೋಮೀಟರ್ ಕಾರು ಓಡಿಸಿದಷ್ಟು ಅಪಾಯ. ಬೆಂಗಳೂರಿಂದ ಮಂಗಳೂರಿಗೆ ಹೋದಷ್ಟು ದೂರ. ನನ್ನ ಗೆಳೆಯನ ಮನೆಯಿಂದ ಆ ಮೈದಾನ 60 ಕಿಲೋಮೀಟರ್. ಹೋಗಿ ಬಂದ್ರೆ 120. ಒಂದು ಶನಿವಾರ ಅವನು ಜಿಗಿಯೋದು ಐದು ಸಲ. ಐದು ಇಂಟು 350, ಅಂದ್ರೆ 1,750 ಕಿಲೋಮೀಟರ್ ಓಡಿಸಿದಷ್ಟು ಅಪಾಯ. ಕಾರಿನ 120 ಎಲ್ಲಿ, ಜಿಗಿತದ 1,750 ಎಲ್ಲಿ? ಹದಿನಾಲ್ಕು ಪಟ್ಟಿಗೂ ಜಾಸ್ತಿ! ರಸ್ತೆಯ ಲೆಕ್ಕದಲ್ಲಿ ಪಾದಚಾರಿಗಳ ಸಾವೂ ಸೇರಿದೆ. ಹಾಗಾಗಿ ಕಾರಿನೊಳಗೆ ಕೂತವನ ಅಪಾಯ ಇನ್ನೂ ಕಡಿಮೆ. ಅಲ್ಲಿಗೆ, 'ಕಾರಿಗಿಂತ ಸೇಫ್' ಅನ್ನೋ ಮಾತು ಸುಳ್ಳು.

ಹಾಗಂತ ಇದು ಆತ್ಮಹತ್ಯೆಯೂ ಅಲ್ಲ. ವರ್ಷಕ್ಕೆ 150 ಸಲ ಜಿಗಿಯುವವನಿಗೆ, ಈ ಸರಾಸರಿಯ ಪ್ರಕಾರ, ಆ ವರ್ಷ ಸಾಯುವ ಸಾಧ್ಯತೆ ಸುಮಾರು 2,400ರಲ್ಲಿ ಒಂದು. ದುಬೈಗೆ ಹೋದಾಗ ನಮ್ಮವರು ಮಾಡ್ತಾರಲ್ಲ, ತರಬೇತುದಾರನ ಎದೆಗೆ ಕಟ್ಟಿಕೊಂಡು ಜಿಗಿಯೋದು, ಅದಕ್ಕೆ ಟ್ಯಾಂಡಮ್ ಅಂತಾರೆ. ಅದರಲ್ಲಿ ಅಪಾಯ ಇನ್ನೂ ಕಡಿಮೆ. ಅಮೆರಿಕದ ಸಂಘದ ಲೆಕ್ಕದಲ್ಲಿ ಸುಮಾರು ಐದು ಲಕ್ಷ ಟ್ಯಾಂಡಮ್ ಜಿಗಿತಕ್ಕೆ ಒಬ್ಬ ವಿದ್ಯಾರ್ಥಿಯ ಸಾವು.

ಆದರೆ ವೀಕ್ಷಕರೇ, ಸರಾಸರಿ ಅನ್ನೋದೇ ಒಂದು ದೊಡ್ಡ ಮೋಸ. ಕರ್ನಾಟಕದ ಸರಾಸರಿ ಮಳೆ ನೋಡಿ, ಆಗುಂಬೆಗೂ ಪಾವಗಡಕ್ಕೂ ಒಂದೇ ಕೊಡೆ ಸಾಕು ಅಂದಂಗೆ ಅದು. ಕೇಳಬೇಕಾದ ಪ್ರಶ್ನೆ ಬೇರೆ. ಆ ಹತ್ತು ಜನ ಯಾರು? ಹೇಗೆ ಸತ್ತರು?

ನಿಮ್ಮ ತಲೆಯಲ್ಲಿ ಈಗ ಏನು ಚಿತ್ರ ಬಂತು ಅಂತ ನನಗೆ ಗೊತ್ತು. ಪ್ಯಾರಾಚೂಟ್ ಬಿಚ್ಚಿಕೊಳ್ಳಲಿಲ್ಲ, ಬಿದ್ದ, ಸತ್ತ. ಸಿನಿಮಾದಲ್ಲಿ ತೋರಿಸೋದು ಹಾಗೇ ತಾನೇ? ನಿಜ ಏನು ಗೊತ್ತಾ? ಕಳೆದ ಎರಡು ಮೂರು ದಶಕಗಳಲ್ಲಿ ಸತ್ತವರ ಪೈಕಿ ದೊಡ್ಡ ಪಾಲು ಜನರ ಪ್ಯಾರಾಚೂಟ್ ಚೆನ್ನಾಗೇ ಬಿಚ್ಚಿಕೊಂಡಿತ್ತು. ಬಟ್ಟೆ ಹರಿದಿರಲಿಲ್ಲ, ಹಗ್ಗ ಸಿಕ್ಕಿಹಾಕಿಕೊಂಡಿರಲಿಲ್ಲ. ಎಲ್ಲಾ ಸರಿಯಾಗಿತ್ತು. ಆದರೂ ಸತ್ತರು.

ಇದು ಹೇಗೆ ಸಾಧ್ಯ? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಜಿಗಿಯುವವನ ಬೆನ್ನ ಮೇಲಿನ ಚೀಲದಲ್ಲಿ ಎರಡು ಪ್ಯಾರಾಚೂಟ್ ಇರುತ್ತವೆ. ಒಂದು ಮುಖ್ಯವಾದದ್ದು, ಇನ್ನೊಂದು ಕೈಕೊಟ್ಟರೆ ಇರಲಿ ಅಂತ ರಿಸರ್ವ್. ಆ ರಿಸರ್ವ್ ಅನ್ನು ಅಮೆರಿಕದಲ್ಲಿ ಪರವಾನಗಿ ಇರುವ ತಜ್ಞನೇ ಮಡಿಚಬೇಕು. ಉಪಯೋಗಿಸಲಿ, ಬಿಡಲಿ, 180 ದಿನಕ್ಕೊಮ್ಮೆ ಬಿಚ್ಚಿ, ಪರೀಕ್ಷೆ ಮಾಡಿ, ಮತ್ತೆ ಮಡಿಚಬೇಕು. ಇದು ಕಾನೂನು.

ಸುಮಾರು 13,000 ಅಡಿಯಿಂದ ಜಿಗಿದ್ರೆ ಒಂದು ನಿಮಿಷದಷ್ಟು ಹೊತ್ತು ಗಂಟೆಗೆ ಹತ್ತಿರ ಹತ್ತಿರ 200 ಕಿಲೋಮೀಟರ್ ವೇಗದಲ್ಲಿ ಬೀಳ್ತಾ ಇರ್ತೀರಿ. ಆಮೇಲೆ ಹಿಡಿ ಎಳೆಯಬೇಕು. ಒಂದು ಕಾಲದಲ್ಲಿ ಜನ ಸಾಯ್ತಾ ಇದ್ದಿದ್ದು ಇಲ್ಲೇ. ಗಾಬರಿಯಾಗಿ ಎಳೆಯೋದು ಮರೆತವರು, ಎತ್ತರದ ಲೆಕ್ಕ ತಪ್ಪಿದವರು, ಗಾಳಿಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಎಚ್ಚರ ತಪ್ಪಿದವರು. 1970ರ ದಶಕದಲ್ಲಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಹವ್ಯಾಸಿಗಳು ಸಾಯ್ತಿದ್ರು.

1991ರಲ್ಲಿ ಜರ್ಮನಿಯಿಂದ ಒಂದು ಪುಟ್ಟ ಯಂತ್ರ ಬಂತು. ಹೆಸರು ಸೈಪ್ರೆಸ್. ಅದನ್ನ ತಯಾರಿಸಿದವರು ಹೆಲ್ಮುಟ್ ಕ್ಲೋತ್. ಚೀಲದೊಳಗೆ ಕೂತು ಅದು ಒಂದೇ ಕೆಲಸ ಮಾಡುತ್ತೆ. ಗಾಳಿಯ ಒತ್ತಡ ಅಳೆದು, ನೀವು ಎಷ್ಟು ಎತ್ತರದಲ್ಲಿದ್ದೀರಿ, ಎಷ್ಟು ವೇಗದಲ್ಲಿ ಬೀಳ್ತಿದ್ದೀರಿ ಅಂತ ಲೆಕ್ಕ ಹಾಕ್ತಾ ಇರುತ್ತೆ. ನೆಲದಿಂದ ಸುಮಾರು 225 ಮೀಟರ್ ಎತ್ತರದಲ್ಲೂ ನೀವು ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳ್ತಾ ಇದ್ರೆ, 'ಇವನು ಏನೂ ಮಾಡಿಲ್ಲ' ಅಂತ ಅದಕ್ಕೆ ಗೊತ್ತಾಗುತ್ತೆ. ರಿಸರ್ವ್ ಅನ್ನು ಮುಚ್ಚಿಟ್ಟಿರೋ ದಾರವನ್ನ ಒಂದು ಸಣ್ಣ ಬ್ಲೇಡ್ ಕತ್ತರಿಸುತ್ತೆ. ರಿಸರ್ವ್ ತಾನಾಗೇ ಬಿಚ್ಚಿಕೊಳ್ಳುತ್ತೆ. ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬೀಳ್ತಾ ಇದ್ರೆ, ಆ ಎತ್ತರದಲ್ಲಿ, ನೆಲ ಮುಟ್ಟೋಕೆ ಉಳಿದಿರೋದು ಸುಮಾರು ನಾಲ್ಕೇ ನಾಲ್ಕು ಸೆಕೆಂಡು. ಮನುಷ್ಯ ಮರೆತರೂ ಯಂತ್ರ ಮರೆಯಲ್ಲ.

ಎಂಥ ಒಳ್ಳೇ ಯಂತ್ರ! ಎಲ್ಲರೂ ಕೈಮುಗಿದು ಹಾಕ್ಕೊಂಡ್ರಾ? ಇಲ್ಲ. ಅಲ್ಲೇ ಶುರುವಾಯ್ತು ನೋಡಿ ಜಗಳ.

ಹಳಬರು ಅಂದ್ರು, 'ಯಂತ್ರ ನಂಬಿಕೊಂಡು ಜಿಗಿಯುವವನು ಜಿಗಿಯಲೇಬಾರದು. ನಿನ್ನ ಹಿಡಿ ನೀನು ಎಳೆಯೋದು ಕಲಿ.' ಬೇಡದ ಹೊತ್ತಲ್ಲಿ ಅದು ಬಿಚ್ಚಿಕೊಂಡ್ರೆ ಏನು ಗತಿ ಅಂತಲೂ ಕೇಳಿದ್ರು. ಅದು ಸುಮ್ಮನೆ ಬಂದ ಭಯ ಅಲ್ಲ, ಅದಕ್ಕಿಂತ ಮುಂಚಿನ ಯಂತ್ರಗಳು ಅಷ್ಟು ನಂಬಿಕಸ್ಥ ಆಗಿರಲಿಲ್ಲ. ಹೊಸಬರು ಅಂದ್ರು, 'ನಿಮ್ಮ ಗಂಡಸುತನ ಪಕ್ಕಕ್ಕಿಡಿ. ತಲೆಗೆ ಏಟು ಬಿದ್ದು ಎಚ್ಚರ ತಪ್ಪಿದವನು ಹಿಡಿ ಹೇಗೆ ಎಳೀತಾನೆ?'

ಈ ವಾದದಲ್ಲಿ ಕಡೆಗೆ ಗೆದ್ದಿದ್ದು ಹೊಸಬರೇ. ಇವತ್ತು ಅಂಥ ಯಂತ್ರ ಇಲ್ಲದೆ ಜಿಗಿಯೋರು ತೀರಾ ಕಡಿಮೆ. ಹಿಡಿ ಎಳೆಯದೆ ಸಾಯೋದು ಬಹಳ ಇಳಿದುಹೋಯ್ತು. ಆದರೆ ಹಳಬರ ಮಾತಿನಲ್ಲಿ ಒಂದು ಮುಳ್ಳು ಉಳಿದಿತ್ತು. ಅದನ್ನ ಅವರು ಒಂದು ಪ್ರಶ್ನೆ ಮಾಡಿ ಕೇಳ್ತಾರೆ: 'ಇವತ್ತು ನಿನ್ನ ಯಂತ್ರ ಕೆಟ್ಟಿದೆ ಅಂತಿಟ್ಕೋ. ಹವಾ ಚೆನ್ನಾಗಿದೆ. ಜಿಗೀತೀಯಾ?' ಇಲ್ಲ ಅಂದ್ರೆ ಮುಂದಿನ ಪ್ರಶ್ನೆ: 'ಹಾಗಾದ್ರೆ ಯಂತ್ರ ಇದೆ ಅನ್ನೋ ಧೈರ್ಯದ ಮೇಲೆ ನೀನು ಇನ್ನೂ ಏನೇನು ಮಾಡ್ತಾ ಇದ್ದೀಯ?'

ಒಳ್ಳೇ ಪ್ರಶ್ನೆ. ಯಾಕಂದ್ರೆ ಹಿಡಿ ಎಳೆಯದೆ ಸಾಯೋರು ಕಡಿಮೆ ಆಗ್ತಾ ಹೋದಂತೆ, ಅದೇ ವರ್ಷಗಳಲ್ಲಿ ಇನ್ನೊಂದು ಕಾಲಂ ಏರ್ತಾ ಹೋಯ್ತು. ಇಳಿಯುವಾಗ ಸಾಯೋದು.

ಪ್ಯಾರಾಚೂಟ್‌ಗಳು ಚಿಕ್ಕದಾಗ್ತಾ ಬಂದವು, ಚುರುಕಾಗ್ತಾ ಬಂದವು. ಇಲ್ಲಿ ಒಂದು ಸರಳ ಗಣಿತ ಇದೆ. ನಿಮ್ಮ ಮತ್ತು ನಿಮ್ಮ ಸಾಮಾನಿನ ಒಟ್ಟು ತೂಕ ಪೌಂಡಿನಲ್ಲಿ. ಅದನ್ನ ಪ್ಯಾರಾಚೂಟ್ ಬಟ್ಟೆಯ ಚದರ ಅಡಿಯಿಂದ ಭಾಗಿಸಿ. ಒಂದರ ಆಸುಪಾಸು ಬಂದ್ರೆ ಅದು ಹೊಸಬರ ಪ್ಯಾರಾಚೂಟ್, ಸಾಧು ಹಸು ಇದ್ದಂಗೆ. ಒಂದೂವರೆ ಬಂದ್ರೆ ಚುರುಕು ಕುದುರೆ. ಎರಡು ದಾಟಿದ್ರೆ ರೇಸಿನವರ ಕೈಗೆ ಮಾತ್ರ. ಬಟ್ಟೆ ಚಿಕ್ಕದಾದಷ್ಟೂ ತಿರುವಿನಲ್ಲಿ ಅದು ಕಳೆದುಕೊಳ್ಳುವ ಎತ್ತರ ಜಾಸ್ತಿ, ನೆಲಕ್ಕೆ ಬರುವ ವೇಗ ಜಾಸ್ತಿ. ನೆಲದ ಹತ್ತಿರ ಬೇಕಂತಲೇ ಜೋರಾಗಿ ತಿರುಗಿಸಿ, ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗ ತಂದು, ಹುಲ್ಲಿನ ತುದಿ ಸವರಿಕೊಂಡು ಹೋಗೋದೇ ಒಂದು ಆಟ ಆಯ್ತು. ನೋಡೋಕೆ ಅದ್ಭುತ. ಆದರೆ ತಿರುವು ಒಂದು ಸೆಕೆಂಡು ತಡವಾದ್ರೆ ನೆಲ ಬಂದುಬಿಡುತ್ತೆ. ಆ ಜರ್ಮನ್ ಯಂತ್ರ? ಪ್ಯಾರಾಚೂಟ್ ಬಿಚ್ಚಿಕೊಂಡಿದೆಯಲ್ಲ, ತನ್ನ ಕೆಲಸ ಇಲ್ಲ ಅಂತ ಅದು ಕೈಕಟ್ಟಿ ಕೂತಿರುತ್ತೆ.

ಬಿಲ್ ಬೂತ್ ಅಂತ ಒಬ್ಬರಿದ್ದಾರೆ. ಕೆಟ್ಟುಹೋದ ಮುಖ್ಯ ಪ್ಯಾರಾಚೂಟನ್ನ ಒಂದೇ ಎಳೆತಕ್ಕೆ ಕಳಚಿಹಾಕುವ ಮೂರು ಉಂಗುರಗಳ ವ್ಯವಸ್ಥೆ ಕಂಡುಹಿಡಿದವರು. ಇಡೀ ಲೋಕದ ಜಿಗಿಯುವವರ ಭುಜದ ಮೇಲೆ ಇವತ್ತು ಆ ಉಂಗುರಗಳಿವೆ. ಜನರನ್ನ ಕಾಪಾಡೋ ಸಾಮಾನು ಮಾಡಿದ ಅದೇ ಮನುಷ್ಯ ಒಂದು ಕಹಿ ನಿಯಮವನ್ನೂ ಹೇಳಿದರು. ಅದರ ತಾತ್ಪರ್ಯ ಇದು: ಸಾಮಾನು ಎಷ್ಟೆಷ್ಟು ಸುರಕ್ಷಿತ ಆಗುತ್ತೋ, ಜನ ಅಷ್ಟಷ್ಟೇ ಹೆಚ್ಚು ಅಪಾಯಕ್ಕೆ ಕೈಹಾಕ್ತಾರೆ, ಸಾವಿನ ಪ್ರಮಾಣ ಇದ್ದಲ್ಲೇ ಇರುತ್ತೆ. ಸ್ಕೈಡೈವಿಂಗ್ ಹವ್ಯಾಸಿಗಳ ಪ್ರತಿ ವಾದದಲ್ಲೂ ಯಾರೋ ಒಬ್ಬರು 'ಬೂತ್ ನಿಯಮ' ಅಂತ ಎತ್ತೇ ಎತ್ತುತ್ತಾರೆ. ನಮ್ಮಲ್ಲಿ ಗಾದೆ ಹೇಳಿ ಮಾತು ಮುಗಿಸ್ತೀವಲ್ಲ, ಹಾಗೆ.

1975ರಲ್ಲಿ ಸ್ಯಾಮ್ ಪೆಲ್ಟ್ಸ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ ಕಾರುಗಳ ಬಗ್ಗೆ ಇಂಥದ್ದೇ ವಾದ ಮಂಡಿಸಿದ್ದರು. ಸುರಕ್ಷತಾ ಸಾಧನ ಸಿಕ್ಕಿದ ಮೇಲೆ ಚಾಲಕ ಇನ್ನಷ್ಟು ಜೋರಾಗಿ ಓಡಿಸ್ತಾನೆ ಅಂತ. ಇದನ್ನ ಹೇಳಿದ ತಕ್ಷಣ ಯಾರೂ ಸೀಟ್ ಬೆಲ್ಟ್ ಬಿಚ್ಚಬೇಡಿ, ದಯವಿಟ್ಟು! ಸೀಟ್ ಬೆಲ್ಟ್ ಜೀವ ಉಳಿಸುತ್ತೆ, ಹೆಲ್ಮೆಟ್ ಜೀವ ಉಳಿಸುತ್ತೆ. ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆ ಇರೋದು, ಅವು ಉಳಿಸಿಕೊಟ್ಟಿದ್ದನ್ನ ನಾವು ಎಲ್ಲಿ ಖರ್ಚು ಮಾಡ್ತೀವಿ ಅನ್ನೋದು.

ನಮ್ಮ ಕಣ್ಣೆದುರೇ ಉದಾಹರಣೆ ಇದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ಅಗಲವಾದ ರಸ್ತೆ, ಮಧ್ಯೆ ಡಿವೈಡರ್, ಎದುರಿಂದ ಬರೋ ವಾಹನದ ಭಯ ಇಲ್ಲ. ಹಳೇ ರಸ್ತೆಗಿಂತ ಸುರಕ್ಷಿತ ಆಗಬೇಕಿತ್ತು ತಾನೇ? ಆ ವರ್ಷ ಎಷ್ಟು ಸಾವಿನ ಸುದ್ದಿ ಓದಿದೆ ನಾನು ಇದೇ ಕುರ್ಚಿಯಲ್ಲಿ ಕೂತು! ರಸ್ತೆ ಕೊಟ್ಟ ಸುರಕ್ಷತೆಯನ್ನ ನಾವು ಆಕ್ಸಿಲರೇಟರ್ ಮೇಲೆ ಖರ್ಚು ಮಾಡಿದ್ವಿ. ರಸ್ತೆಯ ವಿನ್ಯಾಸದಲ್ಲೂ ದೋಷ ಇತ್ತು, ಇಲ್ಲ ಅನ್ನಲ್ಲ. ಆಮೇಲೆ ಏನಾಯ್ತು? ಗಂಟೆಗೆ 100ರ ವೇಗಮಿತಿ ಬಿಗಿ ಮಾಡಿದ್ರು, ಕ್ಯಾಮೆರಾ ಹಾಕಿದ್ರು, ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರ್ ನಿಲ್ಲಿಸಿದ್ರು. ಸಾವು ಇಳಿಯಿತು.

ಅದೇ ಪಾಠ ಆಕಾಶದಲ್ಲೂ ಇದೆ. ನೀವೇ ಯೋಚನೆ ಮಾಡಿ. ಬೂತ್ ನಿಯಮ ಪೂರ್ತಿ ನಿಜ ಆಗಿದ್ರೆ ಅಮೆರಿಕದಲ್ಲಿ ಇವತ್ತೂ ವರ್ಷಕ್ಕೆ 40 ಜನ ಸಾಯಬೇಕಿತ್ತು. 2023ರಲ್ಲಿ ಸತ್ತಿದ್ದು ಹತ್ತು. ಹೇಗೆ ಇಳಿಯಿತು? ಬರೀ ಯಂತ್ರದಿಂದ ಅಲ್ಲ. ಇಳಿಯುವಾಗ ಜನ ಸಾಯ್ತಿದ್ದಾರೆ ಅಂತ ಗೊತ್ತಾದ ಮೇಲೆ ಆ ಹವ್ಯಾಸಿಗಳೇ ತಮ್ಮ ಕೈ ತಾವೇ ಕಟ್ಟಿಕೊಂಡರು. ಎರಡನೇ ಹಂತದ ಲೈಸೆನ್ಸ್ ಬೇಕಂದ್ರೆ, 2012ರಿಂದ, ಬಿಚ್ಚಿಕೊಂಡ ಪ್ಯಾರಾಚೂಟನ್ನ ನಡೆಸುವ ತರಬೇತಿ ಕಡ್ಡಾಯ ಮಾಡಿದ್ರು. 2013ರಲ್ಲಿ, ಅನುಭವಿಗಳು ಕೂಡ ಪ್ಯಾರಾಚೂಟ್ ಬಿಚ್ಚಬೇಕಾದ ಕನಿಷ್ಠ ಎತ್ತರವನ್ನ 2,000 ಅಡಿಯಿಂದ 2,500 ಅಡಿಗೆ ಏರಿಸಿದ್ರು. ಜೋರಾಗಿ ಇಳಿಯುವವರಿಗೆ ಬೇರೆ ಜಾಗ ಇಲ್ಲವೇ ಬೇರೆ ಸಮಯ, ಸಾವಧಾನವಾಗಿ ಇಳಿಯುವವರಿಗೆ ಬೇರೆ ಅಂತ ಮಾಡಿದ್ರು. ರೆಕ್ಕೆಯ ಉಡುಪು ಹಾಕಿ ಹಾರಬೇಕಾ? ಮೊದಲು 200 ಜಿಗಿತ ಮುಗಿಸಿ ಬಾ ಅಂದ್ರು.

ಒಂದೊಂದು ನಿಯಮಕ್ಕೂ ಎಷ್ಟು ವಾದ ನಡೆದಿರುತ್ತೆ ಊಹಿಸಿ. 'ಇದು ಸ್ವಾತಂತ್ರ್ಯದ ಆಟ, ಇಲ್ಲೂ ರೂಲ್ಸಾ?' ಅಂತ ಒಬ್ಬ. 'ನಿನ್ನ ಸ್ವಾತಂತ್ರ್ಯ ನನ್ನ ಪ್ಯಾರಾಚೂಟ್‌ಗೆ ಬಂದು ಡಿಕ್ಕಿ ಹೊಡೆಯುತ್ತಲ್ಲಪ್ಪಾ' ಅಂತ ಇನ್ನೊಬ್ಬ. ಆದರೆ ಅವರು ವಾದ ಮಾಡೋದು ಬರೀ ಅಭಿಪ್ರಾಯ ಇಟ್ಕೊಂಡಲ್ಲ, ವರದಿ ಇಟ್ಕೊಂಡು. ಒಂದು ಸಾವಾದ್ರೆ ಆ ಸಂಘದ ಪತ್ರಿಕೆಯಲ್ಲಿ ಬರುತ್ತೆ. ಹೆಸರು ಇರಲ್ಲ. ಸತ್ತವರ ವಯಸ್ಸು, ಎಷ್ಟು ಜಿಗಿತದ ಅನುಭವ, ಯಾವ ಸಾಮಾನು, ಏನಾಯ್ತು, ಬೇರೆಯವರು ಕಲಿಯಬೇಕಾದ್ದೇನು. ಅಷ್ಟೇ. ಅಳುವ ಮ್ಯೂಸಿಕ್ ಇಲ್ಲ, ಕೆಂಪು ವೃತ್ತ ಇಲ್ಲ.

ಆ ವರದಿ ಓದಿದ ಮೇಲೆ ಹವ್ಯಾಸಿಗಳು ಎರಡು ಪಂಗಡ ಆಗ್ತಾರೆ. ಮೊದಲನೆಯವರು, 'ಪ್ರತಿ ಸಾವೂ ಒಂದು ತಪ್ಪಿನಿಂದ ಆಗಿದೆ. ನಾನು ಆ ತಪ್ಪು ಮಾಡಲ್ಲ, ನಾನು ಸಾಯಲ್ಲ' ಅಂತಾರೆ. ಎರಡನೆಯವರು, 'ಎಲ್ಲಾ ಸರಿ ಮಾಡಿದ್ರೂ ಸಾಯಬಹುದು, ಇದು ಹಣೆಬರಹ' ಅಂತಾರೆ. ಈ ಎರಡೂ ಮಾತನ್ನ ನಾವು ದಿನಾ ಕೇಳ್ತೀವಿ, ಅಲ್ವಾ? ಅಪಘಾತ ಆದ ಜಾಗದಲ್ಲಿ ಜನ ನಿಂತು ಮಾತಾಡೋದು ಇದನ್ನೇ. 'ಕುಡಿದಿದ್ದ ಅನ್ಸುತ್ತೆ' ಅಂತ ಒಬ್ಬ. 'ಅವನ ಟೈಮ್ ಬಂದಿತ್ತು' ಅಂತ ಇನ್ನೊಬ್ಬ. ಎರಡೂ ನಮಗೆ ನಾವೇ ಹೇಳಿಕೊಳ್ಳೋ ಸಮಾಧಾನ. ಮೊದಲನೆಯದರಲ್ಲಿ ನಾನು ಸತ್ತವನಂಥವನಲ್ಲ ಅಂತ ಆಯ್ತು. ಎರಡನೆಯದರಲ್ಲಿ ನಾನು ಮಾಡಬೇಕಾದ್ದು ಏನೂ ಇಲ್ಲ ಅಂತ ಆಯ್ತು. ಎರಡರಲ್ಲೂ ನನ್ನ ಅಭ್ಯಾಸ ಬದಲಾಯಿಸೋ ಕೆಲಸ ತಪ್ಪಿತು.

ಮೂರನೆಯವನೊಬ್ಬ ಇರ್ತಾನೆ. ಅವನು ಕಡಿಮೆ ಮಾತಾಡ್ತಾನೆ. ವರದಿ ಓದಿ, ಮೈದಾನಕ್ಕೆ ಹೋಗಿ, ತನ್ನ ಚೀಲ ಮುಂದಿಟ್ಟುಕೊಂಡು ಕೂರ್ತಾನೆ. 'ಇವನ ಜಾಗದಲ್ಲಿ ಮೊನ್ನೆ ನಾನೇ ಇದ್ದೆನಲ್ಲ, ನಾನು ಉಳಿದಿದ್ದು ಹೇಗೆ?' ಅಂತ ಕೇಳ್ಕೊಳ್ತಾನೆ. ಹತ್ತು ಜನರಲ್ಲಿ ಇಂಥವನು ಒಬ್ಬ ಇದ್ರೂ ಆ ಮೈದಾನ ಉಳಿಯುತ್ತೆ.

ಈಗ ಒಂದು ಮಾತು ನನಗೆ ನಾನೇ ಹೇಳ್ಕೊಳ್ಬೇಕು. ನಮ್ಮ ಮೈಸೂರಿನಲ್ಲೂ ಕೆಲವು ವರ್ಷ ವಾರಾಂತ್ಯದ ಸ್ಕೈಡೈವಿಂಗ್ ಶಿಬಿರಗಳು ನಡೆದಿದ್ದವು. ಬೀರ್-ಬಿಲ್ಲಿಂಗ್, ಗೋವಾ, ಎಲ್ಲಾ ಕಡೆ ಪ್ಯಾರಾಗ್ಲೈಡಿಂಗ್ ಇದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ವಾಯುಕ್ರೀಡಾ ನೀತಿ ತಂತು, ಅದರಲ್ಲಿ ಸ್ಕೈಡೈವಿಂಗೂ ಸೇರಿದೆ. ಸಂತೋಷ. ಆದರೆ ಬೆಟ್ಟದಿಂದ ಹಾರಿದ ಪ್ರವಾಸಿಗರು ಬಿದ್ದು ಸತ್ತಾಗ ನಾವು ಟೀವಿಯವರು ಏನು ಮಾಡ್ತೀವಿ? ಮೊಬೈಲ್ ವಿಡಿಯೋ ತರಿಸ್ತೀವಿ. 'ಎದೆ ಝಲ್ ಎನಿಸುವ ದೃಶ್ಯ' ಅಂತ ಹಾಕ್ತೀವಿ. ಮೂರು ಸಲ ತೋರಿಸ್ತೀವಿ, ನಾಲ್ಕನೇ ಸಲ ನಿಧಾನಗತಿಯಲ್ಲಿ ತೋರಿಸ್ತೀವಿ. ಮಾರನೇ ದಿನ ಇನ್ನೊಂದು ವಿಡಿಯೋ. ಆ ಹಗ್ಗ ಯಾಕೆ ಕಳಚಿತು, ಗಾಳಿ ಎಷ್ಟಿತ್ತು, ಹಾರಿಸಿದವನಿಗೆ ತರಬೇತಿ ಎಷ್ಟಿತ್ತು? ಆರು ತಿಂಗಳ ನಂತರ ಅದರ ವರದಿ ತಂದು ನಿಮ್ಮ ಮುಂದೆ ಓದಿದ್ದು ನನಗೆ ನೆನಪಿಲ್ಲ. ನಾನು ಓದಿಲ್ಲ. ತಪ್ಪು ನನ್ನದೂ ಇದೆ. ಕಾರಣ ಗೊತ್ತಾಗದ ಸಾವು ಬರೀ ದೃಶ್ಯ ಆಗಿ ಉಳಿದುಬಿಡುತ್ತೆ. ಅದರಿಂದ ಯಾರ ಜೀವವೂ ಉಳಿಯಲ್ಲ.

ಸರಿ. ನನ್ನ ಗೆಳೆಯನ ವಿಷಯಕ್ಕೆ ಬರ್ತೀನಿ.

ಎರಡು ದಿನ ಬಿಟ್ಟು ರಾತ್ರಿ ಅವನಿಗೆ ಫೋನ್ ಮಾಡಿದೆ. ಲೆಕ್ಕ ಒಪ್ಪಿಸಿದೆ. 350 ಕಿಲೋಮೀಟರ್ ಅಂದೆ. ಸ್ವಲ್ಪ ಹೊತ್ತು ಜಗಳ ಆಡಿದ, ಇಂಜಿನಿಯರ್ ಅಲ್ವಾ? 'ಲೋ ಮಗಾ, ಆ ಹತ್ತು ಜನದಲ್ಲಿ ಅರ್ಧ ಜನ ತಾವೇ ಮಾಡ್ಕೊಂಡಿರ್ತಾರೆ ಕಣೋ, ನಾನು ಹಾಗೆಲ್ಲಾ ಮಾಡಲ್ಲ' ಅಂದ. ಮೊದಲನೇ ಪಂಗಡ!

ನಾನು ಒಂದೇ ಪ್ರಶ್ನೆ ಕೇಳಿದೆ. "ನಿನ್ನ ಪ್ಯಾರಾಚೂಟ್ ಎಷ್ಟು ಚದರ ಅಡಿ?"

ಆ ಕಡೆ ಸದ್ದಿಲ್ಲ. ಆಮೇಲೆ ನಿಧಾನವಾಗಿ ಹೇಳಿದ. ಈಗಿರೋದು 190. ಸಾಮಾನು ಸೇರಿ ಅವನ ತೂಕವೂ 190 ಪೌಂಡು. ಭಾಗಿಸಿದ್ರೆ ಒಂದು. ಸಾಧು ಹಸು. ಆದರೆ ಯಾರೋ 135ರದ್ದು ಸೆಕೆಂಡ್ ಹ್ಯಾಂಡ್ ಮಾರ್ತಾ ಇದ್ದಾರೆ, ಒಳ್ಳೇ ರೇಟು, ಅಡ್ವಾನ್ಸ್ ಕೊಡೋದೊಂದೇ ಬಾಕಿ ಅಂದ. ನಾನು ಫೋನಿನಲ್ಲೇ ಭಾಗಿಸಿದೆ. 1.4. ಮಧ್ಯದ 170, 150 ಎರಡೂ ಮೆಟ್ಟಿಲು ಬಿಟ್ಟು ಕೆಳಗೆ ಹಾರೋದು! ತರಬೇತುದಾರರು ಒಂದೊಂದೇ ಮೆಟ್ಟಿಲು ಇಳಿ ಅಂತ ಬಡ್ಕೊಳ್ತಾರೆ.

"ಯಾಕೋ?" ಅಂದೆ. "ಎಲ್ಲಾ ಸೇಫ್ಟಿ ಇದೆ ಮಗಾ. ಯಂತ್ರ ಇದೆ, ರಿಸರ್ವ್ ಇದೆ, 240 ಜಿಗಿತ ಆಗಿದೆ" ಅಂದ.

"ಆ ಯಂತ್ರ ನಿನ್ನನ್ನ ಕಾಪಾಡೋದು ಪ್ಯಾರಾಚೂಟ್ ಬಿಚ್ಚದಿದ್ರೆ ಮಾತ್ರ. ನಿನ್ನ 135 ಚೆನ್ನಾಗೇ ಬಿಚ್ಚಿಕೊಳ್ಳುತ್ತೆ" ಅಂದೆ.

ಅವನು ಮಾತಾಡಲಿಲ್ಲ. ನಾನೂ ಜಾಸ್ತಿ ಹೇಳಲಿಲ್ಲ. ಜಿಗಿಯಬೇಡ ಅನ್ನಲಿಲ್ಲ. ಅದು ಅವನ ಜೀವನ, ಅವನ ಸಂತೋಷ. ಆ ಒಂದು ನಿಮಿಷದಲ್ಲಿ ಅವನಿಗೆ ಏನು ಸಿಗುತ್ತೋ ನೆಲದ ಮೇಲೆ ಕೂತ ನನಗೆ ಗೊತ್ತಿಲ್ಲ. ಆದರೆ ಅಮ್ಮನಿಗೆ ಸುಳ್ಳು ಲೆಕ್ಕ ಹೇಳಬೇಡ ಅಂದೆ. ಅವರಿಗೆ ಸುಳ್ಳು ಹೇಳ್ತಾ ಹೇಳ್ತಾ ನೀನೇ ಅದನ್ನ ನಂಬಿಬಿಟ್ಟಿದ್ದೀಯ ಅಂದೆ.

ಮೂರು ದಿನ ಆದ ಮೇಲೆ ಒಂದು ಮೆಸೇಜ್ ಬಂತು. 'ತಗೊಳ್ಳಲಿಲ್ಲ. ಈ ವರ್ಷ 190ರಲ್ಲೇ. ಇಳಿಯೋ ಕೋರ್ಸಿಗೆ ಮತ್ತೊಂದ್ಸಲ ಹೆಸರು ಕೊಟ್ಟಿದ್ದೀನಿ.' ಅಷ್ಟೇ.

ಹಾಸನಕ್ಕೆ ಫೋನ್ ಮಾಡಿದೆ. "ಅಮ್ಮಾ, ಅವನು ಹೇಳಿದ್ದು ನಿಜ ಅಲ್ಲ. ಕಾರಿಗಿಂತ ಅಪಾಯ ಇದೆ. ಆದರೆ ನೀವು ಅಂದ್ಕೊಂಡಷ್ಟು ಇಲ್ಲ. ಅದೂ ಪೂರ್ತಿ ಹಣೆಬರಹದ ಕೈಯಲ್ಲಿಲ್ಲ, ಬಹಳಷ್ಟು ಅವನ ಕೈಯಲ್ಲೇ ಇದೆ. ಚಿಕ್ಕ ಪ್ಯಾರಾಚೂಟ್ ತಗೊಳ್ಬೇಕು ಅಂತಿದ್ದ, ಬಿಟ್ಟಿದ್ದಾನೆ. ದೊಡ್ಡದರಲ್ಲೇ ಇಳೀತಾನಂತೆ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ರು. "ಅಂದ್ರೆ ದೊಡ್ಡ ಕೊಡೆ ಇದ್ದಂಗಾ?" ಅಂದ್ರು.

"ಹೂಂ ಅಮ್ಮಾ. ದೊಡ್ಡ ಕೊಡೆ."

"ಹಂಗಾದ್ರೆ ದೊಡ್ಡದೇ ಇಟ್ಕೊಳ್ಳೋಕೆ ಹೇಳಪ್ಪಾ. ಇನ್ಮೇಲೆ ಸೇಫಾ ಅಂತ ನಾನು ಕೇಳಲ್ಲ. ಕೊಡೆ ಎಷ್ಟು ದೊಡ್ಡದು ಅಂತ ಕೇಳ್ತೀನಿ."

ವೀಕ್ಷಕರೇ, ಎರಡು ದಿನ ಕೂತು ನಾನು ಹಾಕಿದ ಲೆಕ್ಕವನ್ನೆಲ್ಲ ಆ ತಾಯಿ ಒಂದೇ ಪ್ರಶ್ನೆಗೆ ಇಳಿಸಿಬಿಟ್ರು. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಇರ್ತಾರೆ. ವಿಮಾನದಿಂದ ಜಿಗಿಯದೇ ಇರಬಹುದು. ಹೊಸ ಬೈಕ್ ತಗೊಂಡಿರಬಹುದು, ಏರ್‌ಬ್ಯಾಗ್ ಇರೋ ಕಾರು ತಗೊಂಡಿರಬಹುದು. 'ಸೇಫಾ?' ಅಂತ ಕೇಳಿದ್ರೆ 'ಸೇಫ್' ಅಂತಲೇ ಹೇಳ್ತಾರೆ. ಅದನ್ನ ಕೇಳಬೇಡಿ. 'ಎಷ್ಟರಲ್ಲಿ ಓಡಿಸ್ತೀಯ?' ಅಂತ ಕೇಳಿ.